ನಿನಗೊಬ್ಬಳಿಗೇ ಗೊತ್ತಿರುವುದೇನು?

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರು ಸೇಡಂನಲ್ಲಿ ಸೇರಿದ್ದಾಗ ಆಡಿದ ಮಾತುಗಳ ಬರಹರೂಪ)



ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು, ಮಕ್ಕಳನ್ನು ಶಾಲೆಗೆ ಕಳಿಸಿ, ಒಂದು ದಿನದ ಕೂಲಿ ಬಿಟ್ಟು ಇಲ್ಲಿಗೆ ಬಂದಿದ್ದೀರಿ. ವಾಡಿ, ಚಿತ್ತಾಪುರದವರು ರೈಲು ಹತ್ತಿ ಬಂದಿರಿ. ಚಿಂಚೋಳಿಗೆ ರೈಲಿಲ್ಲ, ಆ ಕಡೆಯ ತಾಂಡಾಗಳಿಂದ ಬಂದವರು ಬಸ್ಸು ಬದಲಿಸಿ ಬಂದಿದ್ದೀರಿ. ಇಷ್ಟು ಕಷ್ಟಪಟ್ಟು ಬಂದವರಿಗೆ ‘ವರದಕ್ಷಿಣೆ ಸಾಮಾಜಿಕ ಪಿಡುಗು’ ಎಂದು ಭಾಷಣ ಬಿಗಿದರೆ ಅದು ನಿಮಗೆ ಮಾಡುವ ಅವಮಾನ. ಹುಂಡಾ ಅನ್ನಿ, ಕಟ್ನಂ ಅನ್ನಿ, ಜೋಡೇ ಕಿ ರಕಂ ಅನ್ನಿ, ಅದಕ್ಕಾಗಿ ಮಾಡಿದ ಸಾಲದ ಬಡ್ಡಿ ಕಟ್ಟಿದವರು ನೀವು. ಅದು ಕೆಟ್ಟದ್ದೆಂದು ನಾನು ನಿಮಗೆ ಕಲಿಸಬೇಕಾಗಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಒಂದು ಚಿಕ್ಕ ವಿಷಯ. ನಮ್ಮ ಸಂಘದ ಒಬ್ಬ ಹೆಣ್ಣುಮಗಳಿಗೆ ಮನೆಯಲ್ಲಿ ಹಿಂಸೆಯಾದಾಗ ನಾವೆಲ್ಲ ಕೂಡಿ ಕೂತು ಏನು ಮಾಡಬೇಕೆಂದು ಮಾತಾಡುತ್ತೇವೆ. ಆಗ ಯಾರು ಮಾತಾಡುತ್ತಾರೆ? ಯಾರು ಸುಮ್ಮನೆ ಕೂಡುತ್ತಾರೆ? ಯಾರ ಹತ್ತಿರ ಯಾವ ಮಾಹಿತಿ ಇದೆ ಎಂಬುದು ನಮಗೆ ಗೊತ್ತಾಗುವುದು ಹೇಗೆ? ಇಷ್ಟೇ ವಿಷಯ. ಆದರೆ ಇದರ ಮೇಲೆ ಒಂದು ಜೀವ ನಿಂತಿರುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆ. ಮೊದಲು ಆ ತಪ್ಪನ್ನೇ ನಿಮ್ಮ ಮುಂದೆ ಇಡುತ್ತೇನೆ.

ಅದು 1994ರ ಮಾತು. ಆಗ ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ಸಂಜೆ ಹೊತ್ತು ಶಹಾಬಾದದ ಹತ್ತಿರ ಪರಸಿ ಕಲ್ಲಿನ ಗಣಿ ಕೆಲಸದವರ ಓಣಿಯೊಂದರ ಮಹಿಳಾ ಸಂಘಕ್ಕೆ ಹೋಗಿ ಕೂಡುತ್ತಿದ್ದೆ. ಹದಿನಾಲ್ಕು ಜನ ಹೆಂಗಸರು. ಅವರ ಮಧ್ಯೆ ಎಂ.ಎ. ಮಾಡಿದವಳು ನಾನೊಬ್ಬಳೇ. ಆ ಓಣಿಯ ಒಬ್ಬ ಹುಡುಗಿಯನ್ನು ದೂರದ ಊರಿಗೆ ಕೊಟ್ಟಿದ್ದರು. ಪಂಚಮಿಗೆ ತವರಿಗೆ ಬಂದವಳು ಮತ್ತೆ ಹೋಗುವುದಿಲ್ಲವೆಂದು ಕೂತಳು. ಗಂಡನಿಗೆ ಇನ್ನೂ ಇಪ್ಪತ್ತು ಸಾವಿರ ರೂಪಾಯಿ ಬೇಕು, ಒಂದು ಲೂನಾ ಗಾಡಿ ಬೇಕು. ಅಪ್ಪನ ಹತ್ತಿರ ಎರಡೂ ಇಲ್ಲ. ಅವಳ ಹಿಂದೆ ಇನ್ನೂ ಇಬ್ಬರು ತಂಗಿಯರು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಅಜ್ಜಿ ಹಟ ಹಿಡಿದಿದ್ದಳು. ಕಡೆಗೆ ಮಾತು ಸಂಘಕ್ಕೆ ಬಂತು.

ಎರಡು ತಾಸು ಮಾತಾಡಿದೆವು. ಏನು ಮಾತಾಡಿದೆವು? ಗಂಡ ಕುಡಿಯುತ್ತಾನೆ, ಅದು ಎಲ್ಲರಿಗೂ ಗೊತ್ತಿತ್ತು. ಹಣ ಬಾಕಿ ಇದೆ, ಅದೂ ಗೊತ್ತಿತ್ತು. ಹುಡುಗಿಯ ಬಾಯಿ ಜೋರು, ತಂಗಿಯರ ಮದುವೆ ಆಗಬೇಕು, ಅದೂ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದ ಮಾತನ್ನೇ ಒಬ್ಬರಾದ ಮೇಲೆ ಒಬ್ಬರು ಹೇಳಿದೆವು; ಹೇಳಿದಷ್ಟೂ ಅದೇ ನಿಜವೆಂದು, ಅಷ್ಟೇ ನಿಜವೆಂದು ನಮಗೆ ಗಟ್ಟಿಯಾಯಿತು. ನಡುವೆ ನಾನು 498-ಎ ಕಲಮಿನ ಬಗ್ಗೆ ಅರ್ಧ ತಾಸು ವಿವರಿಸಿದೆ. ಕಡೆಗೆ ನಾನೇ ಒಂದು ದಾರಿ ಸೂಚಿಸಿದೆ: ಎರಡೂ ಕಡೆಯ ಹಿರಿಯರನ್ನು ಕೂಡಿಸಿ, ಹೊಡೆಯುವುದಿಲ್ಲವೆಂದು ಕಾಗದ ಬರೆಸಿಕೊಂಡು ಕಳಿಸಿಕೊಡೋಣ. ಎಲ್ಲರೂ ತಲೆ ಅಲ್ಲಾಡಿಸಿದರು. ಹುಡುಗಿ ಮಾತ್ರ ಏನೂ ಅನ್ನಲಿಲ್ಲ. ಕಾಗದ ಬರೆಸಿದೆವು. ಕಳಿಸಿದೆವು.

ಕಾರ್ತಿಕ ಮಾಸದಲ್ಲಿ ಸುದ್ದಿ ಬಂತು. ಸ್ಟೌ ಸಿಡಿಯಿತಂತೆ. ಆಸ್ಪತ್ರೆಯಲ್ಲಿ ಮೂರನೇ ದಿನ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಅದೇ ಹೆಂಗಸರು ಅವಳ ತಾಯಿಯ ಸುತ್ತ ಕೂತಿದ್ದರು. ಆಗ ಬಳೆ ಮಾರುವಾಕೆ ಮೆಲ್ಲಗೆ ಅಂದಳು: “ಆ ಮನ್ಯಾಗ ಮೊದಲಿನ ಹೇಣ್ತಿನೂ ಹಿಂಗೇ ಸುಟ್ಕೊಂಡು ಸತ್ತಳಂತ ಆ ಊರಿಗಿ ಬಳಿ ತೊಡಿಸ್ಲಾಕ ಹೋದಾಗ ಕೇಳಿದ್ದೆ.” ಅವನಿಗೆ ಅದು ಎರಡನೇ ಮದುವೆ ಎಂಬುದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾಲವಾಡಿಯ ಆಯಾ ಹೇಳಿದಳು, ಪಂಚಮಿಯ ಎಣ್ಣೆ ನೀರು ಹಾಕುವಾಗ ಹುಡುಗಿಯ ಬೆನ್ನ ಮೇಲೆ ಬರೆ ನೋಡಿದ್ದೆನೆಂದು. ಏಳನೇ ಇಯತ್ತೆ ಓದುವ ಪಕ್ಕದ ಮನೆಯ ಹುಡುಗಿ ಅಳುತ್ತ ಹೇಳಿತು: ಅಕ್ಕ ಬರೆದಿದ್ದ ಕಾಗದವನ್ನು ಅಜ್ಜಿಗೆ ಓದಿ ಹೇಳಿದ್ದು ತಾನೇ, ಅದರಲ್ಲಿ ‘ನನ್ನ ಕೊಂದು ಹಾಕತಾರ’ ಎಂದಿತ್ತು, ಯಾರಿಗೂ ಹೇಳಬೇಡವೆಂದು ಅಜ್ಜಿ ಆಣೆ ಹಾಕಿಸಿದ್ದಳು.

ಮೂರು ಜನ, ಮೂರು ಮಾತು. ಮೂರನ್ನೂ ಒಂದು ಕಡೆ ಇಟ್ಟಿದ್ದರೆ ಆ ಹುಡುಗಿಯನ್ನು ಆ ಮನೆಗೆ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಬಳೆಯಾಕೆಯನ್ನು ಸಿಟ್ಟಿನಿಂದಲೇ ಕೇಳಿದೆ: ಆವತ್ತು ಯಾಕೆ ಹೇಳಲಿಲ್ಲ? ಆಕೆ ನನ್ನ ಮುಖ ನೋಡಿ ಅಂದಳು: “ನೀವು ಓದಿದೋರು, ಕಾಯ್ದೆ ಮಾತಾಡ್ಲಾಕತ್ತಿದ್ರಿ ಮೇಡಂರೀ. ನಾ ಬಳಿ ಮಾರಾಕಿ. ಊರಾಗ ಕೇಳಿದ ಸುದ್ದಿ ನಿಮ್ಮ ಮುಂದ ಏನಂತ ಹೇಳ್ಲಿ? ನೀವು ಕೇಳಲಿಲ್ಲ, ನಾ ಹೇಳಲಿಲ್ಲ.”

ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಮೂವತ್ತು ವರ್ಷಗಳಿಂದ ಈ ಮಾತು ನನ್ನ ಕಿವಿಯಲ್ಲಿದೆ. ಆ ಹುಡುಗಿಯನ್ನು ಕೊಂದವರು ಅವಳ ಗಂಡನ ಮನೆಯವರು. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವಳನ್ನು ಉಳಿಸಬಹುದಾಗಿದ್ದ ಮಾಹಿತಿ ನಮ್ಮ ಸಂಘದ ಚಾಪೆಯ ಮೇಲೆಯೇ ಕೂತಿತ್ತು, ಮತ್ತು ಅದರ ಬಾಯಿ ಮುಚ್ಚಿಸಿದವಳು ನಾನು. ಬೈದು ಮುಚ್ಚಿಸಲಿಲ್ಲ, ಮಾತಾಡಿ ಮುಚ್ಚಿಸಿದೆ.

ಇದು ನಮ್ಮ ಸಂಘದಲ್ಲಿ ಮಾತ್ರ ಆದದ್ದಲ್ಲ. 1985ರಲ್ಲಿ ಅಮೆರಿಕದಲ್ಲಿ ಸ್ಟಾಸರ್ ಮತ್ತು ಟೈಟಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಮೂವರು ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸಿರಿ ಎಂದರು. ಎಲ್ಲ ಮಾಹಿತಿ ಎಲ್ಲರಿಗೂ ಕೊಟ್ಟಾಗ ಹೆಚ್ಚಿನ ಗುಂಪುಗಳು ಒಳ್ಳೆಯ ಅಭ್ಯರ್ಥಿಯನ್ನೇ ಆರಿಸಿದವು. ಆದರೆ ಆ ಅಭ್ಯರ್ಥಿಯ ಒಳ್ಳೆಯ ಗುಣಗಳನ್ನು ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹಂಚಿಕೊಟ್ಟಾಗ, ಗುಂಪು ಕೂತು ಚರ್ಚೆ ಮಾಡಿಯೂ ತಪ್ಪು ವ್ಯಕ್ತಿಯನ್ನೇ ಹೆಚ್ಚಾಗಿ ಆರಿಸಿತು. ಯಾಕೆಂದರೆ ಎಲ್ಲರಿಗೂ ಗೊತ್ತಿದ್ದ ಮಾತುಗಳೇ ಚರ್ಚೆಯನ್ನು ತುಂಬಿಬಿಟ್ಟವು. ಒಬ್ಬರಿಗೆ ಮಾತ್ರ ಗೊತ್ತಿದ್ದದ್ದು ಹೆಚ್ಚಾಗಿ ಹೊರಗೆ ಬರಲಿಲ್ಲ. ಅವರೆಲ್ಲ ಕಾಲೇಜು ಓದುವವರು, ಒಂದೇ ಅಂತಸ್ತಿನವರು. ಅಲ್ಲಿಯೇ ಹೀಗಾದರೆ, ಜಾತಿ, ವಯಸ್ಸು, ಅಕ್ಷರ, ಹೊಲ, ಮನೆ ಎಂದು ನೂರು ಮೆಟ್ಟಿಲುಗಳಿರುವ ನಮ್ಮ ಊರಿನ ಸಂಘದಲ್ಲಿ ಏನಾಗಬೇಡ?

ನಮ್ಮಲ್ಲಿ ಮಾಹಿತಿ ಸಮನಾಗಿ ಹಂಚಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಒಬ್ಬಳಿಗೆ ಓದು ಬರುತ್ತದೆ, ಒಬ್ಬಳಿಗೆ ಬರುವುದಿಲ್ಲ. ಒಬ್ಬಳ ಕೈಯಲ್ಲಿ ಸ್ವಂತ ಮೊಬೈಲ್ ಇದೆ, ಇನ್ನೊಬ್ಬಳದು ಗಂಡನ ಜೇಬಿನಲ್ಲಿದೆ. ಒಬ್ಬಳಿಗೆ ತಹಸೀಲ್ ಕಚೇರಿಯ ಮೆಟ್ಟಿಲು ಹತ್ತಿ ಗೊತ್ತು. ಇದೆಲ್ಲ ಕಣ್ಣಿಗೆ ಕಾಣುವ ಅಸಮಾನತೆ. ಆದರೆ ಕೆಳಗಿದ್ದವಳ ಹತ್ತಿರ ಏನೂ ಇಲ್ಲವೆಂದು ತಿಳಿಯುವುದು ದೊಡ್ಡ ಮೋಸ. ಕಸ ಗುಡಿಸುವಾಕೆ ಹೋಗುವ ಮನೆಗೆ ನಾನು ಹೋಗಲಾರೆ. ಬಳೆ ತೊಡಿಸುವಾಕೆ ಹಿಡಿಯುವ ಕೈಯನ್ನು ನಾನು ಹಿಡಿಯಲಾರೆ. ಮುಂಗೈಯ ಬಾವು, ಬರೆ ಮೊದಲು ಕಾಣುವುದು ಆಕೆಗೇ. ಬಾಣಂತಿಗೆ ನೀರು ಹಾಕುವಾಕೆಗೆ ಗೊತ್ತಿರುವುದು ಡಾಕ್ಟರಿಗೂ ಗೊತ್ತಿರುವುದಿಲ್ಲ. ತಾಂಡೂರಿನ ಸಂತೆಗೆ ಹೋಗುವಾಕೆಗೆ ತೆಲುಗು ಬರುತ್ತದೆ, ಗಡಿಯಾಚೆಯ ಬೀಗರ ಸುದ್ದಿ ಅವಳಿಗೆ ಸಿಗುತ್ತದೆ. ಉರ್ದು ಓದುವಾಕೆ ನಿಖಾನಾಮೆಯಲ್ಲಿ ಮೆಹರ್ ಎಷ್ಟೆಂದು ಬರೆದಿದೆ ಎಂದು ನೋಡಿ ಹೇಳಬಲ್ಲಳು. ಲಂಬಾಣಿ ಮಾತಾಡುವಾಕೆಯ ಮುಂದೆ ತಾಂಡಾದ ಹುಡುಗಿ ಬಿಚ್ಚಿ ಹೇಳುವುದನ್ನು ನಮ್ಮ ಕನ್ನಡದಲ್ಲಿ ಹೇಳಲಾರಳು.

1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್‌ಕಿರಾಣಾ ಎಂಬ ಊರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಒಂದು ಜನಸುನವಾಯಿ ನಡೆಸಿದರು. ಸರಕಾರಿ ಕಾಮಗಾರಿಯ ಕೂಲಿ ಹಾಜರಿಯ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿದರು. ಓದು ಬಲ್ಲವರ ಕೈಯಲ್ಲಿ ಕಾಗದವಿತ್ತು. ಓದು ಬಾರದವರಿಗೆ ಯಾರು ಕೆಲಸಕ್ಕೆ ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ಗೊತ್ತಿತ್ತು. ಎರಡೂ ಕೂಡಿದಾಗ ಕಳ್ಳ ಹೆಸರುಗಳು ಹೊರಬಿದ್ದವು. ಕಾಗದ ಒಂದೇ ಇದ್ದಿದ್ದರೆ ಅದು ಸರಿಯಾಗಿಯೇ ಇತ್ತು. ನೆನಪು ಒಂದೇ ಇದ್ದಿದ್ದರೆ ಅದು ಬರೀ ಊರ ಮಾತಾಗುತ್ತಿತ್ತು. ಅಂಥ ಹೋರಾಟಗಳಿಂದಲೇ 2005ರ ಮಾಹಿತಿ ಹಕ್ಕಿನ ಕಾಯ್ದೆ ಬಂತು.

ನಮ್ಮ ಹೆಣ್ಣುಮಕ್ಕಳ ಸಾವಿನ ವಿಷಯದಲ್ಲೂ ಇಂಥ ಕೆಲಸ ಕರ್ನಾಟಕದಲ್ಲೇ ಆಗಿದೆ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದ ಕೊನೆಯಲ್ಲಿ ನಗರದ ಹೆಣ್ಣುಮಕ್ಕಳ ಅಸಹಜ ಸಾವುಗಳ ಲೆಕ್ಕ ಹುಡುಕಿ ಹೊರಟರು. 1997ರ ಒಂದೇ ವರ್ಷದಲ್ಲಿ ಪೊಲೀಸ್ ದಾಖಲೆಯಲ್ಲಿ ಸಾವಿರಕ್ಕೂ ಹೆಚ್ಚು ಅಂಥ ಸಾವುಗಳಿದ್ದವು. ಅವುಗಳಲ್ಲಿ ನೂರಾರನ್ನು ‘ಅಪಘಾತ’ ಎಂದು ಬರೆದು ಮುಗಿಸಲಾಗಿತ್ತು. ಅವರು ಠಾಣೆಯ ಕಾಗದ ನೋಡಿದರು, ಸುಟ್ಟ ಗಾಯದ ವಾರ್ಡಿಗೆ ಹೋದರು, ತವರು ಮನೆಯವರ ಹತ್ತಿರ ಕೂತರು. ಠಾಣೆಗೆ ಒಂದು ಗೊತ್ತಿರುತ್ತದೆ, ವಾರ್ಡಿನ ನರ್ಸಿಗೆ ಒಂದು, ತಾಯಿಗೆ ಇನ್ನೊಂದು. ಮೂರನ್ನೂ ಒಂದೆಡೆ ಇಟ್ಟು ನೋಡಿದಾಗಲೇ ಇಷ್ಟೊಂದು ಸ್ಟೌಗಳು ಮದುವೆಯಾಗಿ ಬಂದ ಎಳೆಯ ಸೊಸೆಯರ ಮುಂದೆಯೇ ಯಾಕೆ ಸಿಡಿಯುತ್ತವೆ ಎಂಬ ಪ್ರಶ್ನೆ ಹುಟ್ಟುವುದು.

ಹಾಗಾದರೆ ನಾವು ಮಾಡಬೇಕಾದ್ದೇನು? ನಾನು ಕಲಿತದ್ದನ್ನು ಹೇಳುತ್ತೇನೆ. ನಿಮ್ಮ ಅನುಭವದಿಂದ ತಿದ್ದಿಕೊಳ್ಳಿ.

ಮೊದಲನೆಯದು, ಕೇಳುವ ಪ್ರಶ್ನೆ ಬದಲಾಗಬೇಕು. ‘ಏನು ಮಾಡೋಣ?’ ಎಂದು ಮೊದಲೇ ಕೇಳಬೇಡಿ. ಹಾಗೆ ಕೇಳಿದರೆ ಬಾಯಿ ಜೋರಿದ್ದವರು ತೀರ್ಮಾನ ಹೇಳುತ್ತಾರೆ, ಉಳಿದವರು ಹೂಂ ಎನ್ನುತ್ತಾರೆ. ‘ನಿನಗೊಬ್ಬಳಿಗೇ ಗೊತ್ತಿರುವುದೇನು?’ ಎಂದು ಕೇಳಿ. ಸುತ್ತ ಕೂತವರೆಲ್ಲ ಒಂದು ಸುತ್ತು ಹೇಳಲಿ. ಓದಿದವರು, ಅಧ್ಯಕ್ಷೆ, ನನ್ನಂಥ ಮೇಡಂಗಳು ಕೊನೆಗೆ ಬಾಯಿ ಬಿಡಲಿ. ‘ನನಗೇನೂ ಗೊತ್ತಿಲ್ಲ’ ಎನ್ನುವವಳನ್ನು ಬಿಡಬೇಡಿ. ಅವಳನ್ನು ಕಡೆಯ ಸಲ ಎಲ್ಲಿ ನೋಡಿದೆ, ಹೇಗಿದ್ದಳು ಎಂದು ಕೇಳಿ. ಎಲ್ಲರ ಮಾತು ಮುಗಿಯುವ ತನಕ ತೀರ್ಮಾನ ಬೇಡ. ಆಗಲೂ ಕಡೆಯ ಮಾತು ನೊಂದವಳದೇ ಆಗಿರಬೇಕು. ಶಹಾಬಾದದಲ್ಲಿ ನಾವು ಅವಳನ್ನು ಕೇಳಲೇ ಇಲ್ಲ.

ಎರಡನೆಯದು, ಬಂದ ಮಾತನ್ನು ಮೂರು ಕುಪ್ಪೆ ಮಾಡಿ. ಕಣ್ಣಾರೆ ಕಂಡದ್ದು ಒಂದು, ಬೇರೆಯವರಿಂದ ಕೇಳಿದ್ದು ಒಂದು, ನಮ್ಮ ಊಹೆ ಒಂದು. ಬಳೆಯಾಕೆ ಹೇಳಿದ್ದು ಕೇಳಿದ ಮಾತು. ಅದನ್ನು ಹಾಗೇ ನಂಬಬೇಕಾಗಿರಲಿಲ್ಲ, ಆದರೆ ಹೋಗಿ ವಿಚಾರಿಸಬೇಕಾಗಿತ್ತು. ಕೇಳಿದ ಮಾತು ಎಂದರೆ ಬೀಸಾಡುವ ಮಾತಲ್ಲ, ಹುಡುಕಲು ದಾರಿ ತೋರಿಸುವ ಮಾತು. ಹಾಗೆಂದು ಅದನ್ನೇ ಕಂಡದ್ದೆಂದು ದೂರಿನಲ್ಲಿ ಬರೆಸಿದರೆ ಕೋರ್ಟಿನಲ್ಲಿ ಒಂದು ಸುಳ್ಳು ನಮ್ಮ ಹತ್ತು ನಿಜಗಳನ್ನು ಹಾಳು ಮಾಡುತ್ತದೆ.

ಮೂರನೆಯದು, ತಾರೀಖು. ನಮ್ಮ ಸಂಘದಲ್ಲಿ ಠರಾವು ಪುಸ್ತಕ ಇದೆಯಲ್ಲ, ಸಾಲದ ಲೆಕ್ಕಕ್ಕೆ? ಹಾಗೆಯೇ ಒಂದು ನೋಟ್‌ಬುಕ್ ಇಡಿ. ಯಾವತ್ತು ಹೊಡೆದ, ಯಾವತ್ತು ಹಣ ಕೇಳಿದ, ಯಾರ ಮುಂದೆ ಕೇಳಿದ. ತಾರೀಖು ನೆನಪಿಲ್ಲದಿದ್ದರೆ ಪಂಚಮಿಯ ಮರುದಿನ, ತೊಗರಿ ರಾಶಿಯ ವಾರ ಎಂದಾದರೂ ಬರೆಯಿರಿ. ಇದು ಯಾಕೆಂದರೆ, ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸುಟ್ಟು ಅಥವಾ ಅಸಹಜವಾಗಿ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಪೀಡಿಸಿದ್ದರು ಎಂದು ತೋರಿಸಬೇಕು. ಅದು ಸಾಬೀತಾದರೆ ಕಾಯ್ದೆ ಅದನ್ನು ವರದಕ್ಷಿಣೆ ಸಾವೆಂದು ಭಾವಿಸುತ್ತದೆ. ‘ಸ್ವಲ್ಪ ಮುಂಚೆ’ ಎಂಬುದು ಯಾರ ನೆನಪಿನಲ್ಲಿದೆ? ನೆರೆಯವಳ, ಬಳೆಯಾಕೆಯ, ಕಾಗದ ಓದಿದ ಹುಡುಗಿಯ ನೆನಪಿನಲ್ಲಿದೆ. ಆದರೆ ಸತ್ತ ಮೇಲೆ ಬರೆಯುವ ಪುಸ್ತಕ ನಮಗೆ ಬೇಡ. ಬದುಕಿರುವಾಗಲೇ ಬರೆಯೋಣ.

ನಾಲ್ಕನೆಯದು, ಹುಡುಕುವ ಕೆಲಸವನ್ನು ಹಂಚಿಕೊಳ್ಳಿ, ಆದರೆ ಒಬ್ಬಳನ್ನೇ ಕಳಿಸಬೇಡಿ. ಕಚೇರಿಗೆ ಹೋಗಿ ಬಂದವಳು ಮೆಲ್ಲನೆ ಸಂಘದ ಯಜಮಾನಿಯಾಗುತ್ತಾಳೆ. ಅವಳಿಲ್ಲದಿದ್ದರೆ ಯಾರಿಗೂ ದಾರಿ ಗೊತ್ತಿರುವುದಿಲ್ಲ. ಪ್ರತಿ ಸಲ ಹೊಸಬಳೊಬ್ಬಳು ಜೊತೆಗೆ ಹೋಗಲಿ. ಬಂದ ಮೇಲೆ ಆ ಹೊಸಬಳೇ ಸಂಘದಲ್ಲಿ ಎದ್ದು ನಿಂತು ಹೇಳಲಿ.

ಇದೆಲ್ಲ ನಡೆಯುತ್ತದೆಯೇ ಎಂದು ನೀವು ಕೇಳಬಹುದು. 2022ರಲ್ಲಿ ನಡೆದದ್ದನ್ನು ಹೇಳುತ್ತೇನೆ. ಚಿಂಚೋಳಿ ಕಡೆಯ ಹುಡುಗಿ. ತೆಲಂಗಾಣದಲ್ಲಿ ಕೊಟ್ಟಿದ್ದರು. ಒಂದು ಮಗು. ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ವಾಡಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಬಂದಳು. ಚಿಕ್ಕಮ್ಮ ಸಂಘದವಳು. ಈ ಸಲ ನಾನು ಚಾಪೆಯ ಕೊನೆಗೆ ಕೂತೆ.

ಮೊದಲು ಮಾತಾಡಿದವಳು ಹೆಬ್ಬೆಟ್ಟು ಒತ್ತುವ ಒಬ್ಬ ಮುದುಕಿ. ಮದುವೆಗೆ ಹೋಗಿದ್ದಳು, ಹುಡುಗಿಗೆ ಹಾಕಿದ ಬಂಗಾರ ಮೂರು ತೊಲ, ಅದನ್ನು ತೂಗುವಾಗ ತಾನು ಅಲ್ಲೇ ಇದ್ದೆ ಎಂದಳು. ಕಾಯಿಪಲ್ಲೆ ಮಾರುವಾಕೆ, ಗಂಡನಿಗೆ ಇನ್ನೊಂದು ಮದುವೆಯ ಮಾತು ನಡೆದಿದೆ ಎಂದು ತಾಂಡೂರಿನಲ್ಲಿ ಕೇಳಿದ್ದಳು. ಬ್ಯಾಂಕಿನ ಕೆಲಸ ಬಲ್ಲ ಒಬ್ಬಾಕೆ, ಅಪ್ಪ ಅಳಿಯನ ಖಾತೆಗೆ ಹಣ ಹಾಕಿದ್ದರೆ ಪಾಸ್‌ಬುಕ್ಕಿನಲ್ಲಿ ತಾರೀಖು ಸಮೇತ ಇರುತ್ತದೆಂದು ನೆನಪು ಮಾಡಿದಳು. ನೋಡಿದರೆ ಎರಡು ಸಲ ಹಾಕಿದ್ದು ಇತ್ತು. ಅಂಗನವಾಡಿ ಕಾರ್ಯಕರ್ತೆ ಹೇಳಿದಳು: ಶಿಶು ಅಭಿವೃದ್ಧಿ ಯೋಜನಾಧಿಕಾರಿ ಎಂದು ನಾವು ಪೌಷ್ಟಿಕ ಆಹಾರಕ್ಕೆ ಮಾತ್ರ ನೆನೆಯುವ ಸಿಡಿಪಿಓ ಅವರೇ, ಕೌಟುಂಬಿಕ ಹಿಂಸೆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಸಂರಕ್ಷಣಾಧಿಕಾರಿ. ಅಲ್ಲಿದ್ದ ಹತ್ತು ಜನರಿಗೆ ಅದು ಗೊತ್ತೇ ಇರಲಿಲ್ಲ. ಆಕೆಗೆ ಅದು ದಿನದ ಮಾತು, ಹಾಗಾಗಿ ಹೇಳಬೇಕೆಂದೇ ಆಕೆಗೆ ಹೊಳೆದಿರಲಿಲ್ಲ.

ಒಬ್ಬರ ಮಗಳು ಡಿಗ್ರಿ ಓದುವವಳು ಮೊಬೈಲಿನಲ್ಲಿ ಹುಡುಕಿದಳು. ಯಾರೋ ಮಾಡಿದ ವಿಡಿಯೊ ಸಿಕ್ಕಿತು: ಗಂಡನ ಊರಿನಲ್ಲಿಯೇ ದೂರು ಕೊಡಬೇಕು. ಇಬ್ಬರು ಆಗಲೇ ಬಸ್ಸಿನ ಹಣ ಕೂಡಿಸತೊಡಗಿದ್ದರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿದಾಗ ಅದು ತಪ್ಪೆಂದು ತಿಳಿಯಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 27ನೇ ಕಲಮಿನಂತೆ ನೊಂದ ಹೆಣ್ಣುಮಗಳು ತಾತ್ಪೂರ್ತಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೂ ಅರ್ಜಿ ಹಾಕಬಹುದು. ಕ್ರೌರ್ಯದ ದೂರನ್ನೂ ಆಕೆ ಆಶ್ರಯ ಪಡೆದ ಊರಿನಲ್ಲಿ ಕೊಡಬಹುದೆಂದು 2019ರಲ್ಲಿ ಸುಪ್ರೀಂ ಕೋರ್ಟು ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಗಡಿಯಲ್ಲಿರುವ ನಮಗೆ ಇದು ದೊಡ್ಡ ಆಸರೆ. ಮೊಬೈಲ್ ಬೇಡವೆನ್ನುತ್ತಿಲ್ಲ, ಅಲ್ಲಿ ಸಿಕ್ಕಿದ್ದು ‘ಕೇಳಿದ ಮಾತಿನ’ ಕುಪ್ಪೆಗೆ ಸೇರಬೇಕು, ಇನ್ನೊಂದು ಕಡೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಸಂರಕ್ಷಣಾಧಿಕಾರಿ ಘಟನಾ ವರದಿ ಬರೆದುಕೊಂಡರು. 12ನೇ ಕಲಮಿನ ಅರ್ಜಿ ಹೋಯಿತು. ಅರುವತ್ತು ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಮಗೆ ವರ್ಷ ದಾಟಿತು. ಆದರೆ ನಡುವೆಯೇ ಮಗುವಿನ ಖರ್ಚಿಗೆ ಮಧ್ಯಂತರ ಆದೇಶ ಸಿಕ್ಕಿತು. ಬಂಗಾರದಲ್ಲಿ ಎರಡು ತೊಲ ಮರಳಿ ಬಂತು. ಮುದುಕಿಯ ಸಾಕ್ಷಿ ಇಲ್ಲದಿದ್ದರೆ ಅದೂ ಬರುತ್ತಿರಲಿಲ್ಲ. ಹುಡುಗಿ ಹೊಲಿಗೆ ಕಲಿತು ತನ್ನ ಕಾಲ ಮೇಲೆ ನಿಂತಿದ್ದಾಳೆ. ಎಲ್ಲವೂ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಅವಳು ಬದುಕಿದ್ದಾಳೆ.

ಈಗ ಒಂದು ಎಚ್ಚರದ ಮಾತು. ಎಲ್ಲರೂ ಎಲ್ಲವನ್ನೂ ಹೇಳಬೇಕೆಂದು ನಾನು ಹೇಳಿದರೂ, ಎಲ್ಲರಿಗೂ ಹೇಳಬಾರದ ಮಾತುಗಳಿವೆ. ನಮ್ಮ ಸಂಘದಲ್ಲಿಯೇ ಗಂಡನ ಸೋದರತ್ತೆ ಕೂತಿರಬಹುದು. ಹುಡುಗಿ ಎಲ್ಲಿ ಉಳಿದಿದ್ದಾಳೆ, ಯಾವತ್ತು ಠಾಣೆಗೆ ಹೋಗುತ್ತಾಳೆ, ಮಗು ಯಾವ ಶಾಲೆಗೆ ಹೋಗುತ್ತದೆ, ಇದು ಇಬ್ಬರು ಮೂವರಿಗಿಂತ ಹೆಚ್ಚಿನವರಿಗೆ ಬೇಡ. ಯಾರಿಗೆ ಹೇಳಬೇಕೆಂದು ಅವಳೇ ಆರಿಸಲಿ. ವಾಟ್ಸಾಪಿನ ಗುಂಪಿನಲ್ಲಿ ಅವಳ ಹೆಸರು, ಫೋಟೋ ಹಾಕಬೇಡಿ. ಆ ಮೊಬೈಲು ಸಂಜೆ ಯಾರ ಕೈಗೆ ಹೋಗುತ್ತದೆ ಎಂದು ನೆನೆಯಿರಿ. ಮಾಹಿತಿ ಸಂಘಕ್ಕೆ ಬರಬೇಕು, ಸಂಘದಿಂದ ಸೋರಬಾರದು. ಉಳಿತಾಯದ ಪೆಟ್ಟಿಗೆಗೆ ಬೀಗ ಇರುವುದು ಯಾಕೆ? ಇದಕ್ಕೂ ಹಾಗೆಯೇ.

ಕೆಲವು ಗುರುತುಗಳನ್ನು ನೆನಪಿಟ್ಟುಕೊಳ್ಳಿ. ಬರೆಯಲು ಬಾರದವರು ಪಕ್ಕದವರಿಂದ ಬರೆಸಿಕೊಳ್ಳಿ. ಹೊಡೆತ ನಡೆದಿರುವ ಹೊತ್ತಿಗೆ 112. ಮಹಿಳಾ ಸಹಾಯವಾಣಿ 181. ಕಾನೂನು ನೆರವಿಗೆ 15100. ಹೆಣ್ಣುಮಗಳಾದವಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿನ ಹಕ್ಕಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಅದನ್ನು ಕೊಟ್ಟಿದೆ. ನಾನು 1994ರಲ್ಲಿ ವಿವರಿಸಿದ 498-ಎ ಕಲಮು ಈಗ ಆ ಹೆಸರಿನಲ್ಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯ 85 ಮತ್ತು 86ನೇ ಕಲಮು, ವರದಕ್ಷಿಣೆ ಸಾವು 80ನೇ ಕಲಮು. ಅದಕ್ಕೂ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಕಲಮೇ ನಡೆಯುತ್ತದೆ. ಯಾವ ಠಾಣೆಯ ಹದ್ದೆಂದು ನೋಡದೆ ದೂರು ದಾಖಲಿಸಿಕೊಳ್ಳಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ದಾಖಲಾದ ಎಫ್‌ಐಆರ್‌ನ ಪ್ರತಿಯನ್ನು ದೂರು ಕೊಟ್ಟವರಿಗೆ ಉಚಿತವಾಗಿ ಕೊಡಬೇಕು. ಕೊಟ್ಟ ಅರ್ಜಿ ಏನಾಯಿತೆಂದು ಸರಕಾರಿ ಕಚೇರಿಯಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ; ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಬರೆದುಕೊಳ್ಳಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ.

ಇಷ್ಟನ್ನು ನಾನೊಬ್ಬಳೇ ಹೇಳಿ ಹೋದರೆ ಮತ್ತೆ 1994ರದೇ ಕಥೆಯಾಗುತ್ತದೆ. ಆದ್ದರಿಂದ ಒಂದು ಕೆಲಸ ಕೇಳಿಕೊಳ್ಳುತ್ತೇನೆ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿದ ಮೇಲೆ ಒಂದು ಕಾಲು ತಾಸು ಕೂಡಿರಿ. ಯಾರಿಗೆ ಯಾವ ಭಾಷೆ ಬರುತ್ತದೆ, ಯಾರು ಯಾವ ಊರಿಗೆ ಹೋಗಿ ಬರುತ್ತಾರೆ, ಯಾರಿಗೆ ಯಾವ ಕಚೇರಿ ಗೊತ್ತು, ಯಾರ ತವರು ಎಲ್ಲಿ, ಒಂದು ಪಟ್ಟಿ ಮಾಡಿ. ಯಾವ ಹೆಣ್ಣುಮಗಳೂ ಕಷ್ಟದಲ್ಲಿಲ್ಲದಾಗಲೇ ಮಾಡಿಟ್ಟುಕೊಳ್ಳಿ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಬರುವುದೇನು? ಆ ಪಟ್ಟಿಯಲ್ಲಿ ‘ಏನೂ ಗೊತ್ತಿಲ್ಲ’ ಎಂಬ ಹೆಸರು ಒಂದೂ ಇರಬಾರದು.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಸಂಘ ಕಟ್ಟುವಾಗ ನಾವೇ ಹೇಳುತ್ತೇವೆ. ವಾರಕ್ಕೆ ಹತ್ತು ರೂಪಾಯಿ ತಂದು ಹಾಕಿದವಳಿಗೂ ನೂರು ತಂದವಳಿಗೂ ಸಂಘದಲ್ಲಿ ಒಂದೇ ಓಟು. ಮಾತಿನಲ್ಲೂ ಹಾಗೆಯೇ ಇರಲಿ. ಆ ಬಳೆಯಾಕೆ ಈಗಿಲ್ಲ. ಇದ್ದಿದ್ದರೆ ಇವತ್ತು ಅವಳನ್ನು ಇಲ್ಲಿ ನಿಲ್ಲಿಸಿ ನಾನು ಕೆಳಗೆ ಕೂಡುತ್ತಿದ್ದೆ.

ನನ್ನ ಮಾತು ಮುಗಿಯಿತು. ಈಗ ನೀವು ಹೇಳಿ. ಹಿಂದಿನ ಸಾಲಿನಿಂದ ಶುರುವಾಗಲಿ.